ಗೌರವ್ವ ಕೆದಕಿದ ಕಾಲುವೆ

ಅದಿರು ಅಗೆದು ಮನುಷ್ಯರು ಬಿಟ್ಟುಹೋದ ಗುಡ್ಡವೊಂದಿತ್ತು, ಮಕ್ಕಳೇ. ಅಲ್ಲಿನ ಗಣಿಗುಂಡಿಯಿಂದ ಹುಳಿಹುಳಿಯಾದ ಕೆಂಪು ನೀರು ಜಿನುಗಿ, ಕಾಲುವೆ ಹಿಡಿದು ಕೆಳಗಿನ ಕೊಳ ಸೇರುತ್ತಿತ್ತು. ಮೀನೆಲ್ಲ ಸತ್ತು ಕೊಳ ಬಿಕೋ ಎನ್ನುತ್ತಿತ್ತು.

ದಂಡೆಯ ಮೇಲೆ, ಮಳೆನೀರು ನಿಂತ ಸಣ್ಣ ಹೊಂಡದಲ್ಲಿ ಗೌರವ್ವ ಎಂಬ ಕಪ್ಪೆಯ ಮಕ್ಕಳಿದ್ದವು. ಇನ್ನೂ ಕಾಲು ಮೂಡದ ಗೊದಮೊಟ್ಟೆಗಳು. ಹೊಂಡವೋ ಬಿಸಿಲಿಗೆ ದಿನದಿನವೂ ಬತ್ತುತ್ತಿತ್ತು. ಕೊಳಕ್ಕೆ ಬಿಟ್ಟರೆ ಹುಳಿನೀರು ಕೊಲ್ಲುತ್ತದೆ, ಇಲ್ಲೇ ಇಟ್ಟರೆ ಬಿಸಿಲು ಕೊಲ್ಲುತ್ತದೆ. ಪಾಪ, ಗೌರವ್ವನ ಜೀವ ಬಾಯಿಗೆ ಬಂದಿತ್ತು.

"ಏನಾದ್ರೂ ಮಾಡಣ್ಣಾ!" ಎಂದು ಅವಳು ಏಡಿ ಮಲ್ಲಣ್ಣನ ಮುಂದೆ ಗೋಳಾಡಿದಳು.

"ಆಚೆ ಜೌಗಿನಲ್ಲಿ ನೋಡಿದ್ದೀನಿ ತಂಗಿ. ಎಲೆ ಕೊಳೆತ ಕೆಸರಿನೊಳಗೆ ಇಳಿದ ಕೆಂಪು ನೀರು ತಿಳಿಯಾಗಿ ಹೊರಗೆ ಬರುತ್ತೆ. ನಾವೂ ಹಾಗೇ ಮಾಡೋಣ."

ಎಮ್ಮೆ ನಿಂಗಮ್ಮ ಕಾಲುವೆಗೆ ಸಗಣಿ ಹಾಕಿ, ಹುಲ್ಲು ಸೇರಿಸಿ ತುಳಿದಳು. ಮಲ್ಲಣ್ಣ ತರಗೆಲೆ, ಹುಳಿ ಮುರಿಯಲು ಬಸವನಹುಳುವಿನ ಖಾಲಿ ಚಿಪ್ಪು ಎಳೆದು ತಂದ. ಮೇಲೆ ದಪ್ಪಗೆ ಕೆಸರು ಮೆತ್ತಿ ಒಡ್ಡು ಮಾಡಿದರು.

"ಒಳಗೆ ಗಾಳಿ ಹೋಗಬಾರದು. ಯಾರೂ ಕೆದಕಬೇಡಿ," ಎಂದ ಮಲ್ಲಣ್ಣ.

ಗೌರವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೊಂಡಕ್ಕೆ ಹಾರುವಳು, ಕಾಲುವೆಗೆ ಹಾರುವಳು. "ಆಯ್ತಾ? ಇನ್ನೂ ಆಗಿಲ್ವಾ?" ಎಂದು ನಿಂಗಮ್ಮನ ತಲೆ ತಿಂದಳು. ಅಷ್ಟರಲ್ಲಿ ಕಾಲುವೆಯಿಂದ ಕೊಳೆತ ಮೊಟ್ಟೆಯ ನಾತ ಎದ್ದಿತು.

"ಅಯ್ಯೋ, ಎಲ್ಲ ಕೆಟ್ಟುಹೋಯ್ತು!"

"ಕೆಟ್ಟಿಲ್ಲ ಕಣೇ. ಜೌಗೂ ಹೀಗೇ ನಾರುತ್ತೆ. ಒಳಗೆ ಕೆಲಸ ನಡೀತಿದೆ, ಸುಮ್ಮನಿರು," ಎಂದು ಹೇಳಿ ಮಲ್ಲಣ್ಣ ಹೊಟ್ಟೆಪಾಡಿಗೆ ಹೊರಟ, ನಿಂಗಮ್ಮನೂ ಮೇಯಲು ಹೋದಳು.

ಸುಮ್ಮನಿರುವುದು ಗೌರವ್ವನಿಗೆ ಗೊತ್ತಿದ್ದರೆ ತಾನೇ! ಹೊಂಡದಲ್ಲಿ ಮಕ್ಕಳು ಒಂದರ ಮೇಲೊಂದು ಒದ್ದಾಡುತ್ತಿದ್ದವು. "ಈ ಗಬ್ಬುನೀರಿಗಾ ನನ್ನ ಮಕ್ಕಳನ್ನ ಬಿಡೋದು? ಸ್ವಲ್ಪ ತೊಳೆದರೆ ಸರಿಹೋದೀತು," ಎಂದು ಕೆಸರನ್ನು ಒದ್ದು ಒದ್ದು ಕೆದಕಿದಳು.

ಒಡ್ಡು ಕುಸಿಯಿತು. ಕೆಂಪು ನೀರು ಭರ್ರನೆ ನುಗ್ಗಿತು. ಕಾಲುವೆ ಕೊಳ ಸೇರುವಲ್ಲಿ ಆಗಲೇ ನೀರು ತಿಳಿಯಾಗಿ, ತಳದ ಕಲ್ಲು ಕಾಣುತ್ತಿತ್ತು. ನಾತದ ಗಾಬರಿಯಲ್ಲಿ ಗೌರವ್ವ ಅತ್ತ ನೋಡಿಯೇ ಇರಲಿಲ್ಲ. ಈಗ ನೋಡನೋಡುತ್ತಿದ್ದಂತೆ ಅದೂ ಕೆಂಪಾಯಿತು.

ಮತ್ತೆ ಸಗಣಿ, ಮತ್ತೆ ಹುಲ್ಲು, ಮತ್ತೆ ಕಾಯುವುದು. ಈ ಸಲ ಗೌರವ್ವ ನಾತದಲ್ಲೇ ಉಸಿರು ಬಿಗಿಹಿಡಿದು ಕೂತಳು. ಆದರೆ ಬಿಸಿಲು ಯಾರಿಗಾಗಿ ಕಾಯುತ್ತದೆ? ಹೊಂಡದ ಅಂಚು ಒಣಗಿ ಬಿರುಕು ಬಿಟ್ಟಿತು.

ಕೊನೆಗೂ ಕಾಲುವೆ ಕೊಳ ಸೇರುವಲ್ಲಿ ನೀರು ಮತ್ತೆ ತಿಳಿಯಾದಾಗ ನಿಂಗಮ್ಮ ಗೊರಸಿನಿಂದ ಹೊಂಡದಿಂದ ಅಲ್ಲಿಗೆ ದಾರಿ ಸೀಳಿದಳು. ಕೆಲವು ಮರಿಗಳು ಪುಳಕ್ಕನೆ ಕೊಳಕ್ಕೆ ಜಾರಿದವು.

"ಎಲ್ಲರೂ ಬಂದ್ರಾ ಗೌರವ್ವಾ?"

ಗೌರವ್ವ ಒಣಮಣ್ಣಿಗೆ ಅಂಟಿದ್ದ ಮಕ್ಕಳ ಕಡೆ ನೋಡಿದಳು.

"ಇವರನ್ನ ಬಿಸಿಲು ಕೊಲ್ಲಲಿಲ್ಲ ನಿಂಗಕ್ಕಾ," ಎಂದು ಬಿಕ್ಕಿದಳು. "ನಾನೇ ಕೊಂದೆ."

ನೀತಿ: ಕೆಟ್ಟದ್ದು ಸರಿಯಾಗಲು ಸಮಯ ಬೇಕು; ಆತುರಪಟ್ಟು ನಡುವೆ ಕೈಹಾಕಿದರೆ, ಯಾರನ್ನು ಉಳಿಸಲು ಹೊರಟೆವೋ ಅವರನ್ನೇ ಕಳೆದುಕೊಳ್ಳುತ್ತೇವೆ.