ಬೊಕ್ಕಸದ ಹೊನ್ನಿ ಸಾರಿಸಿದ ಡಂಗುರ

ಒಂದಾನೊಂದು ಕಾಲದಲ್ಲಿ, ಬೆಕ್ಕಿಗೆ ಇನ್ನೂ ಹಾಲಿನ ರುಚಿ ಗೊತ್ತಿಲ್ಲದ ಕಾಲ ಅಂತಿಟ್ಕೋ ಮಗಾ, ಮಣಿಯೂರು ಅಂತ ಒಂದು ಊರಿತ್ತಂತೆ. ಆ ಊರಿನ ಬೊಕ್ಕಸ ನೋಡ್ಕೊಳ್ಳೋಳು ತಿಪ್ಪವ್ವ ಅಂತೆ. ಕಸ ಗುಡಿಸೋಕೆ ಬಂದವಳು, ಯಾರ ಕಾಲೂ ಹಿಡೀದೆ ತಾನೇ ಲೆಕ್ಕ ಕಲಿತು, ಬೀಗದ ಕೈ ಸೊಂಟಕ್ಕೆ ಸಿಗಿಸಿಕೊಂಡವಳು. ಊರಿನ ಸಾಹುಕಾರರು ಮಿಕ್ಕ ಹಣ ತಂದು ಬೊಕ್ಕಸದಲ್ಲಿ ಇಡೋರಂತೆ. ಇಟ್ಟೋರಿಗೆ ಬೊಕ್ಕಸ ನೂರಕ್ಕೆ ಎರಡು ಬಡ್ಡಿ ಕೊಡೋದು, ಸಾಹುಕಾರರು ಜನಕ್ಕೆ ನೂರಕ್ಕೆ ನಾಲ್ಕರ ಹಾಗೆ ಸಾಲ ಕೊಡೋದು, ಹೀಗೆ ನಡೀತಿತ್ತಂತೆ.

ಆಮೇಲೆ ಒಂದು ವರ್ಷ ಬೆಲೆಗಳಿಗೆ ಕಾಲು ಬಂತಂತೆ. ಬೆಳಿಗ್ಗೆ ಒಂದು ದುಡ್ಡಿಗೆ ಸಿಗ್ತಿದ್ದ ಬೆಲ್ಲದಚ್ಚು ಸಂಜೆಗೆ ಒಂದೂವರೆ. ಕಾವಲಿನವನ ಸಂಬಳ ತಿಂಗಳ ನಡುವೆಯೇ ಖಾಲಿ. ರಾಜ ತಿಪ್ಪವ್ವನನ್ನ ಕರೆಸಿ ಗುಡುಗಿದನಂತೆ, ಸುಗ್ಗಿ ಒಳಗೆ ಈ ಓಟ ನಿಲ್ಲಿಸು, ಇಲ್ದಿದ್ರೆ ಬೀಗದ ಕೈ ಕೊಟ್ಟು ಊರು ಬಿಟ್ಟು ಹೋಗು ಅಂತ.

ತಿಪ್ಪವ್ವನ ಹತ್ರ ಮೂವರು ಕಲಿಯೋರಿದ್ರಂತೆ: ದ್ಯಾವಣ್ಣ, ಕೊಟ್ರ, ಗಾಣಿಗರ ಮನೆ ಹುಡುಗಿ ಹೊನ್ನಿ. ತಿಪ್ಪವ್ವ ಅವರಿಗೆ ಹೇಳಿದಳಂತೆ, ನಾನೇ ಮಾಡಿದ್ರೆ ನೀವು ನೋಡ್ತಾ ಕೂರ್ತೀರ, ಕಲಿಯೋದು ಯಾವಾಗ? ಹೋಗಿ, ಒಬ್ಬೊಬ್ಬರೇ ಮಾಡಿ. ನಾಯಿ ಬೊಗಳುತ್ತೆ ಅಂತ ನಡಿಗೆ ನಿಲ್ಲಿಸಬೇಡಿ, ಅಷ್ಟೇ.

ಮೊದಲು ದ್ಯಾವಣ್ಣ ಹೋದನಂತೆ. ಊರಲ್ಲಿ ಹಣ ಜಾಸ್ತಿ ಆಗಿದೆ ಅಂತ ಬೊಕ್ಕಸಕ್ಕೆ ಬೀಗ ಜಡಿದು, ಒಂದು ಕಾಸೂ ಹೊರಗೆ ಬಿಡಲಿಲ್ಲವಂತೆ. ಸಾಹುಕಾರರಿಗೆ ಇಟ್ಟ ಹಣ ವಾಪಸ್ ಸಿಗದೆ ಸಾಲದ ಬಡ್ಡಿ ಕುಣಿಯೋಕೆ ಶುರುವಾಯ್ತಂತೆ, ಬೆಳಿಗ್ಗೆ ಐದು, ಸಂಜೆ ಇಪ್ಪತ್ತು, ಮರುದಿನ ಮತ್ತೆ ಹನ್ನೆರಡು. ನೂಲು ತರೋಕೆ ಹಣ ಹುಟ್ಟದೆ ಮಗ್ಗಗಳು ನಿಂತುಹೋದವಂತೆ. ಜನ ಬಾಗಿಲು ಬಡಿದು ಅವನನ್ನ ಬೈದು ಕಳಿಸಿದರಂತೆ.

ಆಮೇಲೆ ಕೊಟ್ರ ಹೋದನಂತೆ, ಕೈಯಲ್ಲಿ ದೊಣ್ಣೆ ಹಿಡಿದು. ಬೆಲ್ಲ ಒಂದೇ ದುಡ್ಡು, ಜಾಸ್ತಿ ಕೇಳಿದೋರ ಬೆನ್ನಿಗೆ ಏಟು! ಮಾರನೇ ದಿನ ಅಂಗಡಿಯಲ್ಲಿ ಬೆಲ್ಲವೇ ಇಲ್ಲವಂತೆ. ಹಿತ್ತಿಲ ಬಾಗಿಲಲ್ಲಿ ಮೂರು ದುಡ್ಡಂತೆ! ಅವನೂ ತಲೆ ತಗ್ಗಿಸಿ ಬಂದನಂತೆ.

ಆಮೇಲೆ ಹೊನ್ನಿ. ಅವಳು ಮೊದಲು ಸಂತೆಗೆ ಹೋಗಿ ಒಬ್ಬಳನ್ನ ಕೇಳಿದಳಂತೆ, ಯಾಕಮ್ಮಾ, ಅಟ್ಟದ ತುಂಬ ಬೆಲ್ಲ ಪೇರಿಸಿಟ್ಟಿದ್ದೀಯಲ್ಲ, ಇರುವೆಗಳಿಗೆ ಮದುವೆ ಊಟ ಹಾಕ್ತೀಯಾ? ಅವಳಂದಳಂತೆ, ನಗಬೇಡ ತಾಯಿ, ನಾಳೆ ಇನ್ನೂ ತುಟ್ಟಿ ಆಗ್ತದೆ, ಸಾಲ ಮಾಡಿ ಇವತ್ತೇ ಕೊಂಡೆ. ಊರೆಲ್ಲ ಇದೇ ಮಾತಂತೆ. ನಾಳೆಯ ಭಯಕ್ಕೆ ಎಲ್ಲರೂ ಇವತ್ತೇ ಕೊಳ್ಳೋದು, ಎಲ್ಲರೂ ಕೊಳ್ಳೋದಕ್ಕೇ ಬೆಲೆ ಏರೋದು.

ಹೊನ್ನಿ ಬೊಕ್ಕಸಕ್ಕೆ ಬೀಗ ಹಾಕಲಿಲ್ಲ, ದೊಣ್ಣೆ ಹಿಡಿಯಲಿಲ್ಲ. ಡಂಗುರ ಹೊಡೆಸಿದಳಂತೆ: ಇವತ್ತಿಂದ ಬೊಕ್ಕಸದಲ್ಲಿ ಇಟ್ಟ ಹಣಕ್ಕೆ ನೂರಕ್ಕೆ ಆರು ಬಡ್ಡಿ ಸಿಗುತ್ತೆ, ಬೆಲೆ ಓಡೋದು ನಿಲ್ಲೋ ತನಕ ಇದೇ ಆರು, ನಿಂತ ಮೇಲೆ ಮೆಲ್ಲಗೆ ಇಳಿಸ್ತೀವಿ. ಸುಮ್ಮನೆ ಇಟ್ಟರೇ ಆರು ಸಿಗುವಾಗ ಸಾಹುಕಾರ ಇನ್ನೊಬ್ಬರಿಗೆ ನಾಲ್ಕಕ್ಕೆ ಯಾಕೆ ಕೊಡ್ತಾನೆ? ಎಂಟು ಕೇಳಿದನಂತೆ. ಎಂಟು ಕೊಟ್ಟು ಇರುವೆಗೆ ಬೆಲ್ಲ ತಿನ್ನಿಸೋಕೆ ಯಾರಿಗೂ ಮನಸ್ಸಾಗಲಿಲ್ಲವಂತೆ.

ಆದ್ರೆ ಬೆಲೆ ತಕ್ಷಣ ನಿಲ್ಲಲಿಲ್ಲ. ನೇಕಾರರ ಸಂಗವ್ವ ಬಂದು ಬೈದಳಂತೆ, ಏ ಗಾಣದ ಹುಡುಗಿ, ಎಂಟು ಕೊಟ್ಟು ನಾನು ಹೊಸ ಮಗ್ಗ ಹೂಡೋದು ಹೆಂಗೆ? ಹೊನ್ನಿ ಕಣ್ಣಲ್ಲಿ ನೀರು ತಂದುಕೊಂಡು, ಇದು ನಿನಗೂ ನೋವು ಅಂತ ಗೊತ್ತು ಅಕ್ಕಾ, ಸ್ವಲ್ಪ ತಡ್ಕೋ ಅಂದಳಂತೆ. ತಿಪ್ಪವ್ವ ಗೊಣಗಿದಳಂತೆ, ಬೀಜ ಬಿತ್ತಿದ ಸಂಜೆಗೇ ಕುಡುಗೋಲು ಹಿಡಿದು ಹೋಗ್ತಾರೇನೇ, ಕಾಯಿರಿ.

ಸುಗ್ಗಿ ಹತ್ತಿರ ಬಂತಂತೆ. ಅಷ್ಟರಲ್ಲಿ ರಾಜನೇ ಬಂದುಬಿಟ್ಟನಂತೆ. ಮಗನ ಮದುವೆ ಮಾಡ್ಬೇಕು, ಸಾಲ ಅಗ್ಗವಾಗಬೇಕು, ನಾಳೆಯೇ ಬಡ್ಡಿ ಎರಡಕ್ಕೆ ಇಳಿಸು ಅಂದನಂತೆ. ಹೊನ್ನಿ ಕೈಮುಗಿದು, ಆಗಲ್ಲ ಬುದ್ಧೀ ಅಂದಳಂತೆ.

ರಾಜ ಹೇಳಿದ್ರೂನಾ ಅಜ್ಜಿ?

ಹೂಂ ಮಗಾ, ರಾಜ ಹೇಳಿದ್ರೂನೂ. ಅವಳಂದಳಂತೆ, ನಾನು ಡಂಗುರ ಹೊಡೆಸಿದ ಮಾತು ಇದು. ಇವತ್ತು ನಿಮಗೋಸ್ಕರ ಮುರಿದ್ರೆ, ನಾಳೆ ನಿಮ್ಮ ಡಂಗುರ ಕೇಳಿ ಜನ ನಗ್ತಾರೆ, ಮತ್ತೆ ಅಟ್ಟದ ತುಂಬ ಬೆಲ್ಲ ಪೇರಿಸ್ತಾರೆ. ನನ್ನನ್ನ ಊರಿಂದ ಓಡಿಸಿ, ಮಾತು ಮಾತ್ರ ಓಡಿಸಬೇಡಿ. ತಿಪ್ಪವ್ವ ಸೊಂಟದ ಬೀಗದ ಕೈ ಬಿಚ್ಚಿ ರಾಜನ ಮುಂದಿಟ್ಟು, ಅವಳ ಮಾತೇ ನನ್ನ ಮಾತು, ಬೇಕಾದ್ರೆ ತಗೊಳ್ಳಿ ಅಂದಳಂತೆ. ರಾಜ ಮೀಸೆ ತಿರುವಿ, ಮದುವೆಯನ್ನ ಸುಗ್ಗಿ ಆಚೆಗೆ ತಳ್ಳಿದನಂತೆ.

ಆ ಸುದ್ದಿ ಸಂತೆಗೆ ಮುಟ್ಟಿದ್ದೇ ಸರಿ, ರಾಜನಿಗೇ ಬಗ್ಗದೋಳು ನಮಗೆ ಬಗ್ತಾಳಾ, ಬೆಲೆ ಇನ್ನು ಏರಲ್ಲ ಅಂದುಕೊಂಡು ಜನ ಅಟ್ಟದ ಬೆಲ್ಲ ಕೆಳಗಿಳಿಸಿ ಮಾರೋಕೆ ಕೂತರಂತೆ. ಬೆಲೆ ಹಿಂದಕ್ಕೆ ಹೋಗಲಿಲ್ಲ, ಆದ್ರೆ ಓಡೋದು ನಿಂತು, ಸುಗ್ಗಿ ರಾಶಿ ಹಾಕೋ ಹೊತ್ತಿಗೆ ತಣ್ಣಗೆ ಕೂತಿತಂತೆ. ಆಮೇಲೆ ಹೊನ್ನಿ ಹೇಳಿದ ಹಾಗೇ ಆರನ್ನ ಐದು ಮಾಡಿದಳಂತೆ, ಐದನ್ನ ನಾಲ್ಕು ಮಾಡಿದಳಂತೆ. ಸಂಗವ್ವನ ಹೊಸ ಮಗ್ಗದ ಸದ್ದು ಬೀದಿಗೆಲ್ಲ ಕೇಳಿಸಿತಂತೆ. ದ್ಯಾವಣ್ಣ, ಕೊಟ್ರ ಹೊನ್ನಿ ಹತ್ರವೇ ಕಲಿಯೋಕೆ ಕೂತರಂತೆ. ತಿಪ್ಪವ್ವ ಬೀಗದ ಕೈ ಹೊನ್ನಿಗೆ ಕೊಟ್ಟು ಜಗಲಿ ಮೇಲೆ ಎಲೆಯಡಿಕೆ ಹಾಕುತ್ತಾ, ಊರು ಬಿಡದೆ, ನೂರು ವರ್ಷ ಬಾಳಿದಳಂತೆ.

ಕತೆ ಮುಗೀತು, ಊರು ಮಲಗಿತು. ಕಣ್ಣು ಮುಚ್ಚು ಕೂಸೇ.