ಮೇಟಿಯ ಪಕ್ಕದ ಜಾಗ

ರಾಗಿ ತೆನೆ ತುಳಿಸಲು ಕಣದ ನಡುವಿನ ಮೇಟಿ ಕಂಬಕ್ಕೆ ಎತ್ತುಗಳನ್ನು ಸಾಲಾಗಿ ಕಟ್ಟಿದ್ದರು. ಎತ್ತುಗಳ ಮುಂದಾಳು ಕೆಂದನದು ಮೇಟಿಯ ಪಕ್ಕದ ಜಾಗ. ಹೊರತುದಿಯಲ್ಲಿದ್ದ ಮುದಿ ಬೋರ ಬೆಳಗ್ಗೆಯೇ ಏದುಸಿರು ಬಿಡುತ್ತಾ ಹಿಂದೆ ಬಿದ್ದದ್ದು ಕಂಡು ಕೆಂದನಿಗೆ ರೇಗಿತು.

“ನಾನೂ ನಿನ್ನಷ್ಟೇ ಸುತ್ತು ಹಾಕುತ್ತಿದ್ದೇನೆ, ಬೋರಣ್ಣ. ನನಗಿಲ್ಲದ ದಣಿವು ನಿನಗೇಕೆ?”

“ಸುತ್ತು ಒಂದೇ ಕಣಪ್ಪ, ದಾರಿ ಒಂದೇ ಅಲ್ಲ. ಒಮ್ಮೆ ಇಲ್ಲಿ ನಡೆದು ನೋಡು.”

ಮಧ್ಯಾಹ್ನ ನೀರು ಕುಡಿಸಿ ಮತ್ತೆ ಕಟ್ಟುವಾಗ ಕೆಂದ ತಾನಾಗಿ ಹೊರತುದಿಗೆ ಹೋಗಿ ನಿಂತ. ಬೋರ ಮೇಟಿಯ ಪಕ್ಕಕ್ಕೆ ಬಂದ. ಒಳಗಿನವರು ಹೆಜ್ಜೆ ಹಾಕಿದರೆ ಕೆಂದ ಓಡಬೇಕಾಯಿತು. ಸ್ವಲ್ಪ ಹೊತ್ತಿಗೇ ಬಾಯಲ್ಲಿ ನೊರೆ ಬಂತು.

“ನಿಧಾನ ಮಾಡಲೇನಪ್ಪ?” ಎಂದು ಬೋರ ಕೇಳಿದ.

“ಈ ಮಾತನ್ನು ಬೆಳಗ್ಗೆ ನಾನು ಕೇಳಬೇಕಿತ್ತಲ್ಲ, ಅಣ್ಣ,” ಎಂದ ಕೆಂದ.