ಕರುವಿನ ಪಾಲಿನ ಮೊಲೆ

ಪ್ರಕಾಶಕರ ಕರಾರಿಗೆ ಸಹಿ ಹಾಕುವ ಮುಂಚೆ ಸಲಹೆ ಕೇಳಿಬರುವ ಲೇಖಕರಿಗೆ ನಾನು ಈ ಹಸುವಿನ ಕಥೆ ಹೇಳಿ ಕಳಿಸುತ್ತೇನೆ.

ಹಾಲು ಮಾರುವ ಹಿತ್ತಾಳೆ ಕೊಡವೊಂದು ಆಗಷ್ಟೇ ಕರು ಹಾಕಿದ್ದ ಹಸುವಿನ ಬಳಿ ಬಂದು, “ನಿನ್ನ ಹಾಲನ್ನು ಊರೂರಿಗೆ ಮುಟ್ಟಿಸುತ್ತೇನೆ. ಆದರೆ ನಾಲ್ಕೂ ಮೊಲೆಯ ಹಾಲು ನನ್ನದಾಗಬೇಕು,” ಎಂದಿತು.

“ಮೂರು ಮೊಲೆ ನಿನಗೆ, ನಾಲ್ಕನೆಯದು ಕರುವಿಗೆ,” ಎಂದಿತು ಹಸು.

“ನಾನಿಲ್ಲದಿದ್ದರೆ ನಿನ್ನ ಹಾಲು ನೆಲದ ಪಾಲು. ಪಕ್ಕದ ಎಮ್ಮೆ ನಾಲ್ಕನ್ನೂ ಬರೆದುಕೊಟ್ಟಿದ್ದಾಳೆ, ಗೊತ್ತೇ?”

“ಗೊತ್ತು. ಅವಳ ಕರು ಹಸಿದು ಸತ್ತಿತು. ಕರುವಿಲ್ಲದ ಮೇಲೆ ಅವಳು ಹಾಲು ಇಳಿಸುವುದನ್ನೇ ಬಿಟ್ಟಳು. ಅದಕ್ಕೇ ಅಲ್ಲವೇ ನೀನು ಬರಿದಾಗಿ ನನ್ನ ಕೊಟ್ಟಿಗೆಗೆ ಬಂದದ್ದು?”

ಕೊಡ ಠಣಠಣ ಸದ್ದು ಮಾಡುತ್ತ ಬಾಗಿಲವರೆಗೆ ಉರುಳಿತು. ಹಸು ತಡೆಯಲಿಲ್ಲ, ಕರುವಿನ ಮೈ ನೆಕ್ಕುತ್ತ ನಿಂತಿತು. ಸ್ವಲ್ಪ ಹೊತ್ತಿಗೆ ಕೊಡವೇ ಹಿಂದಿರುಗಿ ಕೆಚ್ಚಲಿನ ಕೆಳಗೆ ಕೂತಿತು. ಕರು ತನ್ನ ಮೊಲೆಗೆ ಬಾಯಿ ಹಾಕಿತು.

ಮೂರು ಮೊಲೆಯ ಹಾಲಿಗೇ ಕೊಡ ಕಂಠಪೂರ್ತಿ ತುಂಬಿತು. ತುಂಬಿದ ಮೇಲೆ ತುಳುಕಲಿಲ್ಲ.